ಯಾರು ಹುಡುಕುತ್ತಿದ್ದಾರೆ?

ಎಂ.ಎ. ವಿದ್ಯಾರ್ಥಿಗಳಿಗೆ ಮನಃಶಾಸ್ತ್ರ ಕಲಿಸುವಾಗ ಒಂದು ಪಾಠ ಬಂದರೆ ನನಗೆ ಪ್ರತಿ ಸಲವೂ ಸಣ್ಣಗೆ ಸಿಟ್ಟು ಬರುತ್ತದೆ. 'ನಾನು ಯಾರು' ಎಂದು ಕಂಡುಕೊಳ್ಳುವುದೇ ಹರೆಯದ ದೊಡ್ಡ ಕೆಲಸ ಅಂದವರು ಎರಿಕ್ ಎರಿಕ್ಸನ್. ಅದನ್ನು ಅಳೆಯಲು ಹೊರಟವರು ಜೇಮ್ಸ್ ಮಾರ್ಸಿಯಾ. ನಾಲ್ಕು ದಾರಿ ನೋಡಿ ಒಂದನ್ನು ಆರಿಸಿಕೊಂಡವರು, ಇನ್ನೂ ಹುಡುಕುತ್ತಿರುವವರು, ಹುಡುಕುವ ಗೊಡವೆಯಿಲ್ಲದೆ ಹಿರಿಯರು ತೋರಿಸಿದ್ದನ್ನೇ ಹಿಡಿದವರು, ಯಾವುದೂ ಬೇಡವೆಂದು ಸುಮ್ಮನಿರುವವರು ಎಂದು ಅವರು ಕಾಲೇಜು ವಿದ್ಯಾರ್ಥಿಗಳನ್ನು ವಿಂಗಡಿಸಿದರು. ಆದರೆ 1966ರ ಆ ಅಧ್ಯಯನದಲ್ಲಿ ಇದ್ದವರೆಲ್ಲ ಹುಡುಗರೇ. ಕೇಳಿದ್ದು ಉದ್ಯೋಗ, ಧರ್ಮ, ರಾಜಕೀಯದ ಬಗ್ಗೆ. 1970ರಲ್ಲಿ ಹುಡುಗಿಯರ ಸರದಿ ಬಂದಾಗ ಮದುವೆಗೆ ಮುಂಚಿನ ಲೈಂಗಿಕ ಸಂಬಂಧದ ಪ್ರಶ್ನೆಯೂ ಸೇರಿತು. ಹುಡುಗರಿಗೆ ಆ ಚಿಂತೆ ಇರಲಿಲ್ಲವೇನೋ!

ಮುಂದೆ ರೂಥೆಲೆನ್ ಜಾಸೆಲ್ಸನ್ ಕಾಲೇಜು ಮುಗಿಸಿದ ಅಮೆರಿಕದ ಹೆಣ್ಣುಮಕ್ಕಳನ್ನು ವರ್ಷಗಳ ನಂತರ ಮತ್ತೆ ಮಾತಾಡಿಸಿ 1987ರಲ್ಲಿ ಪುಸ್ತಕ ಬರೆದರು. ಉದ್ಯೋಗದಷ್ಟೇ ಸಂಬಂಧಗಳೂ ಅವರನ್ನು ರೂಪಿಸಿದ್ದವು. ಹಾಗಂತ ಹೆಣ್ಣಿನ ಮನಸ್ಸೇ ಬೇರೆ ಅನ್ನುವಂತಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಜೇನ್ ಕ್ರೋಗರ್ 1997ರಲ್ಲಿ ಬರೆದಂತೆ, ಈ ನಾಲ್ಕು ಗುಂಪುಗಳ ಲೆಕ್ಕದಲ್ಲಿ ಗಂಡು-ಹೆಣ್ಣಿನ ಅಂತರ ಕಡಿಮೆಯೇ.

ಅಂತರ ಎಲ್ಲಿದೆ ಎಂಬುದು ನಮ್ಮ ಧಾರವಾಡದ ತರಗತಿಯಲ್ಲಿ ಕಾಣುತ್ತದೆ. ಓದು ಮುಗಿದ ಮೇಲೆ ಏನು ಅಂತ ಕೇಳಿದರೆ ಹುಡುಗರದು ಥಟ್ಟಂತ ಉತ್ತರ: "ಪಿಎಸ್‌ಐ ಪರೀಕ್ಷಾ ಬರೀತೀನ್ರಿ ಮೇಡಂ." ಹುಡುಗಿ ಪಕ್ಕದವಳ ಮುಖ ನೋಡಿ, "ನೆಟ್ ಬರೀಬೇಕಂತ ಐತ್ರಿ, ಮನ್ಯಾಗ ಏನಂತಾರ ನೋಡಬೇಕು" ಅನ್ನುತ್ತಾಳೆ. ಅವನು ಗಟ್ಟಿ, ಇವಳು ಗೊಂದಲದ ಗೂಡು ಅನಿಸುತ್ತದೆ, ಅಲ್ಲವೇ? ಸ್ವಲ್ಪ ಕೆದಕಿದರೆ ಬೇರೆಯೇ ಕತೆ. ಪಿಎಸ್‌ಐ ಆಗಬೇಕೆಂದದ್ದು ಅವನ ಕಾಕಾ. ಸಪ್ತಾಪುರದ ಕೋಚಿಂಗ್‌ಗೆ ದುಡ್ಡು ಕಟ್ಟಿದ್ದೂ ಅವರೇ. ಬೇರೇನಾದರೂ ಆಗಬಹುದಿತ್ತೇ ಎಂದು ಇವನು ಯೋಚಿಸಿಯೇ ಇಲ್ಲ. ಅವಳಾದರೋ ನೆಟ್, ಬಿ.ಎಡ್., ಊರ ಹತ್ತಿರದ ಕೆಲಸ, ಬರಬಹುದಾದ ಗಂಡಿನ ಊರು, ಎಲ್ಲವನ್ನೂ ತೂಗಿ ನೋಡಿದ್ದಾಳೆ. ಮಾರ್ಸಿಯಾ ಹೇಳುವ ಹುಡುಕಾಟ ಇದೇ.

ಆದರೆ ಹುಡುಕಲು ಅವಳಿಗೆ ಪುರುಸೊತ್ತು ಕಮ್ಮಿ. ಮೂರನೇ ಸೆಮಿಸ್ಟರ್ ನಡೆದಿರುವಾಗಲೇ ಊರಿಂದ ಫೋನ್ ಬರುತ್ತದೆ: ನೋಡಾಕ ಬರ್ತಾರ, ಐತವಾರ ಬಾ. ಅವನು ನಪಾಸಾದರೆ ಮನೆಯವರು "ಇನ್ನೊಂದು ವರ್ಷ ನೋಡು" ಅನ್ನುತ್ತಾರೆ. ಕೆಲಸ ಸಿಕ್ಕ ಮೇಲೆ ಮದುವೆ ಎಂಬ ಲೆಕ್ಕ ಅವನಿಗೆ. ಮದುವೆಯಾದ ಮೇಲೆ ಗಂಡನ ಮನೆಯವರು ಬಿಟ್ಟರೆ ಕೆಲಸ ಎಂಬುದು ಇವಳಿಗೆ.