ಸೋಲಾರ್‌ಗೆ ಕೊಟ್ಟ ಹೊಲದಲ್ಲಿ ದುಡಿಯುತ್ತಿದ್ದವರು

ಗಲ್ಫ್‌ನಿಂದ ರಜೆಗೆ ಬಂದ ನಮ್ಮ ಹುಡುಗರು ಕೇಳುವುದುಂಟು: ‘ಅಲ್ಲಿ ಮರುಭೂಮಿ ತುಂಬ ಸೋಲಾರ್, ಇಲ್ಲಿ ಮಾತ್ರ ಯಾಕೆ ಇಷ್ಟು ತಕರಾರು?’ ಅಬುಧಾಬಿಯ ಸ್ವೈಹಾನ್‌ನಲ್ಲಿ ಒಂದೇ ಕಡೆ 1,177 ಮೆಗಾವ್ಯಾಟ್‌ನ ಸ್ಥಾವರ ಇರುವುದು ನಿಜವೇ. ಆದರೆ ಪ್ಯಾನೆಲ್ ಹಾಕುವ ಮೊದಲು ಅಲ್ಲಿ ಇದ್ದದ್ದು ಮರಳು. ನಮ್ಮ ಪಾವಗಡದಲ್ಲಿ ಇದ್ದದ್ದು ನೆಲಕಡಲೆ ಹೊಲ.

ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನಲ್ಲಿ ತಿರುಮಣಿ ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಶುರುವಾಗಿ 2019ರ ಕೊನೆಗೆ ಪೂರ್ಣವಾಯಿತು. ಸರ್ಕಾರ ಜಾಗ ಕಿತ್ತುಕೊಳ್ಳಲಿಲ್ಲ, 28 ವರ್ಷದ ಗುತ್ತಿಗೆಗೆ ತಗೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕೈಕೊಟ್ಟು, ಬೋರ್‌ವೆಲ್ ಬತ್ತಿ, ಬೆಂಗಳೂರಿಗೆ ಗುಳೆ ಹೋಗುತ್ತಿದ್ದವರಿಗೆ ಇದು ಸಣ್ಣ ದುಡ್ಡಲ್ಲ. ಜಾಗ ಕೊಟ್ಟವರನ್ನು ದೂರಲು ನಮಗೆ ಬಾಯಿಲ್ಲ. ಲೆಕ್ಕ ಹಾಕಿದರೆ ಮಾತ್ರ 28ನೇ ವರ್ಷಕ್ಕೂ ಬಾಡಿಗೆ 40 ಸಾವಿರ ಮುಟ್ಟುವುದಿಲ್ಲ. ಅಷ್ಟರಲ್ಲಿ ಅಕ್ಕಿಗೆ ಎಷ್ಟಾಗಿರುತ್ತದೋ!

ಅದಕ್ಕಿಂತ ದೊಡ್ಡ ಸಂಗತಿ, ಬಾಡಿಗೆ ಸಿಗುವುದು ಆರ್‌ಟಿಸಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ತರುತ್ತಿದ್ದ ಹೆಂಗಸರಿಗೆ ಏನೂ ಇಲ್ಲ. ಕುರಿ ಮೇಯಿಸುವವರ ದಾರಿಗೆ ಬೇಲಿ ಬಿತ್ತು. ಪ್ಯಾನೆಲ್ ಒರೆಸುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಸಿಕ್ಕಿದ್ದು ಕೆಲವರಿಗಷ್ಟೇ.

ನಮ್ಮ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ಮನೆಗಳ ಅಜ್ಜಂದಿರು ಚಾಲಗೇಣಿ ಒಕ್ಕಲುಗಳಾಗಿದ್ದವರು. 1974ರ ಭೂಸುಧಾರಣೆ ಬಂದು, ಡಿಕ್ಲರೇಶನ್ ಕೊಟ್ಟ ಮೇಲಷ್ಟೇ ಜಾಗ ಕೈಗೆ ಬಂತು. ಅಂದು ಕಾನೂನು ಕೇಳಿದ್ದು ‘ಇಲ್ಲಿ ದುಡಿಯುವವರು ಯಾರು’ ಅಂತ. ಸೋಲಾರ್ ಗುತ್ತಿಗೆ ಕೇಳುವುದು ‘ಕಾಗದ ಯಾರ ಹೆಸರಲ್ಲಿದೆ’ ಅಂತ. ಆ ಕಾನೂನಿಗೆ ಮೊದಲೇ ನಮ್ಮ ಬೈಲಿಗೆ ಇಂಥ ಕಂಪೆನಿ ಬಂದಿದ್ದರೆ ಬಾಡಿಗೆ ಧಣಿಗೆ ಹೋಗುತ್ತಿತ್ತು, ಅಜ್ಜ ಬೇಲಿಯ ಹೊರಗೆ ನಿಲ್ಲುತ್ತಿದ್ದರು.

ಸೋಲಾರ್ ಬೇಡ ಅಂತ ನಾವು ಹೇಳುತ್ತಿಲ್ಲ. ನಮ್ಮವರು ಹತ್ತಿ ಇಳಿಯುವ ಕೊಚ್ಚಿ ವಿಮಾನ ನಿಲ್ದಾಣ 2015ರಿಂದ ಸೋಲಾರ್‌ನಲ್ಲೇ ನಡೆಯುತ್ತಿದೆ, ಅಲ್ಲಿ ಪ್ಯಾನೆಲ್‌ಗಳ ನಡುವೆ ತರಕಾರಿ ಬೆಳೆಯುತ್ತಾರೆ. ಇಟಲಿ 2024ರಲ್ಲಿ ಕೃಷಿ ಭೂಮಿಯ ನೆಲಕ್ಕೆ ಹೊಸದಾಗಿ ಪ್ಯಾನೆಲ್ ಹಾಸುವುದನ್ನೇ ತಡೆಯಿತು. ಎತ್ತರದಲ್ಲಿ ಕಟ್ಟಿ ಕೆಳಗೆ ಬೇಸಾಯ ಮಾಡುವುದಾದರೆ ಅಡ್ಡಿಯಿಲ್ಲ. ಇನ್ನು ಮನೆಯ ಮಾಡು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಗಲ್ಫ್ ದುಡ್ಡಲ್ಲಿ ಕಟ್ಟಿದ ನಮ್ಮ ದೊಡ್ಡ ಮನೆಗಳ ಟೇರೆಸು ಮಳೆಗಾಲ ಬಿಟ್ಟರೆ ಉಳಿದ ತಿಂಗಳೆಲ್ಲ ಸುಮ್ಮನೆ ಕಾಯುತ್ತಿರುತ್ತದೆ. (ಅಡಿಕೆ ಒಣಗಿಸುವವರು ಜಗಳಕ್ಕೆ ಬರಬೇಡಿ, ನಿಮ್ಮ ಅಂಗಳ ನಿಮಗಿರಲಿ.)

ಪಾವಗಡದ ಪಾರ್ಕನ್ನು ಇನ್ನೂ ದೊಡ್ಡದು ಮಾಡುವ ಮಾತು ಸರ್ಕಾರದ ಕಡೆಯಿಂದಲೇ ಬಂದಿದೆ. ಹಾಗಾದರೆ ಹೊಸ ಗುತ್ತಿಗೆಯ ಕಾಗದದಲ್ಲಿ ಜಾಗವಿಲ್ಲದವರ ಕೂಲಿಗೆ ಒಂದು ಪಾಲು, ಕುರಿಗಳಿಗೆ ಪ್ಯಾನೆಲ್ ಕೆಳಗಿನ ಹುಲ್ಲು, ಇವೆರಡನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಬೇಕು. ಬೇಲಿ ಬಿದ್ದ ಮೇಲೆ ಕೇಳಿದರೆ ಗೇಟಿನ ವಾಚ್‌ಮ್ಯಾನ್ ಏನು ಹೇಳಿಯಾನು?