ನೋಡಿದವರು 20 ಸಾವಿರ, ಹಪ್ಪಳ ಕೊಂಡವರು ಮೂರೇ ಮಂದಿ!

ಪುತ್ತೂರು ತಾಲೂಕಿನ ಒಂದು ಮೂಲೆಯಲ್ಲಿ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಸುತ್ತಲೂ 14 ಹಲಸಿನ ಮರ ಉಂಟು. ಮೊದಲೆಲ್ಲ ಹಣ್ಣು ಬಿದ್ದು ಕೊಳೆಯುತ್ತಿತ್ತು. ಕೆಲವು ವರ್ಷಗಳಿಂದ ನನ್ನ ಪತ್ನಿ ನೆರೆಕರೆಯ ನಾಲ್ವರು ಹೆಂಗಸರನ್ನು ಸೇರಿಸಿಕೊಂಡು ಹಪ್ಪಳ ಮಾಡುತ್ತಿದ್ದಾಳೆ. ಒಂದು ಬೇಸಿಗೆಗೆ 8,000 ಹಪ್ಪಳ. ಮಜೂರಿಯಲ್ಲಿ ಅರ್ಧ ಆಗಲೇ ಕೊಡುವುದು, ಉಳಿದರ್ಧ ಹಪ್ಪಳ ಮಾರಿದ ಮೇಲೆ.

2023ರ ಮೇ ತಿಂಗಳಲ್ಲಿ ರಜೆಗೆ ಬಂದ ಮಗಳು ಒಂದು ವೆಬ್‌ಸೈಟ್ ಮಾಡಿಕೊಟ್ಟಳು. ಹಪ್ಪಳ, ಮಾಂಬಳ, ಪುನರ್ಪುಳಿ ಸಿಪ್ಪೆಯ ಫೋಟೊ, ದರ, ಒತ್ತಿದರೆ ನಮ್ಮ ವಾಟ್ಸಾಪ್‌ಗೆ ಬರುವ ಗುಂಡಿ – ಎಲ್ಲ ಕನ್ನಡದಲ್ಲೇ. ಎಷ್ಟು ಜನ ನೋಡಿದರು ಅಂತ ತೋರಿಸುವ ಗೂಗಲ್ ಅನಾಲಿಟಿಕ್ಸ್ ಎಂಬ ಉಚಿತ ಸೌಲಭ್ಯವನ್ನೂ ಜೋಡಿಸಿದಳು. ದಿನಕ್ಕೆ ಎಂಟು-ಹತ್ತು ಮಂದಿ ನೋಡುತ್ತಿದ್ದರು.

ಒಂದು ಫೋನ್ ಬಂತು

ಜುಲೈ ಮೊದಲ ವಾರ ಒಬ್ಬರ ಫೋನ್. ಬಹಳ ಮರ್ಯಾದೆಯ ಮಾತು. "ಸಾರ್, ನಿಮ್ಮ ಸೈಟ್ ಚೆನ್ನಾಗಿದೆ. ಆದರೆ ನೋಡುವವರೇ ಇಲ್ಲ. ತಿಂಗಳಿಗೆ 10 ಸಾವಿರ ಜನರನ್ನು ಕಳಿಸ್ತೇವೆ. 6,500 ರೂಪಾಯಿ. ಗೂಗಲ್‌ನಲ್ಲಿ ಮೊದಲನೇ ಸ್ಥಾನ ಗ್ಯಾರಂಟಿ."

ನಾನು ಲೆಕ್ಕ ಹಾಕಿದೆ. ಹತ್ತು ಸಾವಿರದಲ್ಲಿ ನೂರಕ್ಕೆ ಒಬ್ಬರು ಕೊಂಡರೂ ನೂರು ಗಿರಾಕಿ! ಮಗಳನ್ನು ಕೇಳದೆ ಹಣ ಕಳಿಸಿದೆ. ಅವರು ಕೇಳಿದರೆಂದು ಸೈಟಿನ ಪಾಸ್‌ವರ್ಡನ್ನೂ ಕೊಟ್ಟೆ.

ನಾಲ್ಕೇ ದಿನದಲ್ಲಿ ಲೆಕ್ಕ ಏರಿತು. ದಿನಕ್ಕೆ 300, 350! ನನಗೆ ಖುಷಿಯೋ ಖುಷಿ. ಅದೇ ವಾರ ಪೇಟೆಯ ಅಂಗಡಿಯವರೊಬ್ಬರು 3,000 ಹಪ್ಪಳ ಒಟ್ಟಿಗೆ ಕೇಳಿದ್ದರು. ದರ ತುಸು ಕಡಿಮೆ. "ಈಗ ಕೊಡುವುದಿಲ್ಲ" ಅಂದುಬಿಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದು.

ಆಟಿ ತಿಂಗಳಿಡೀ ಮಳೆ ಸುರಿಯಿತು, ಫೋನ್ ಮಾತ್ರ ರಿಂಗಾಗಲಿಲ್ಲ. ವಿಚಾರಿಸಿದರೆ, "ಸ್ವಲ್ಪ ಸಮಯ ಬೇಕು ಸಾರ್, ಎರಡನೇ ತಿಂಗಳು ನೋಡಿ" ಅಂದರು. ಮತ್ತೆ 6,500 ಕಟ್ಟಿದೆ. ಎರಡು ತಿಂಗಳಲ್ಲಿ ಸೈಟ್ ನೋಡಿ ಹಪ್ಪಳ ತರಿಸಿದವರು ಮೂವರು. ಅದರಲ್ಲಿ ಒಬ್ಬ ನನ್ನ ಸೋದರಮಾವನ ಮಗ!

ರಾತ್ರಿ ಮಲಗದ ಗಿರಾಕಿಗಳು

ಚೌತಿಗೆ ಬಂದ ಮಗಳು ಅನಾಲಿಟಿಕ್ಸ್ ತೆರೆದು ಕೂತಳು. "ಅಪ್ಪಾ, ಇವರು ಮನುಷ್ಯರಲ್ಲ" ಅಂದಳು. ಅವಳು ತೋರಿಸಿದ್ದು ಇಷ್ಟು:

ಮಧ್ಯಾಹ್ನ 12ಕ್ಕೆ ಎಷ್ಟು ಜನವೋ ರಾತ್ರಿ 3ಕ್ಕೂ ಅಷ್ಟೇ. ಹೆಚ್ಚಿನವರು ಹೊರದೇಶದ ಒಂದೆರಡು ಊರಿನವರು. ಕನ್ನಡದ ಪುಟ ಅವರಿಗೆಂತಕ್ಕೆ? ಒಬ್ಬರೂ ಎರಡು ಸೆಕೆಂಡ್ ನಿಲ್ಲಲಿಲ್ಲ. ದರದ ಪುಟ ತೆರೆದವರಿಲ್ಲ, ವಾಟ್ಸಾಪ್ ಗುಂಡಿ ಒತ್ತಿದವರಿಲ್ಲ.

ಜನರ ಬದಲು ಪುಟಗಳನ್ನು ತೆರೆದು ಮುಚ್ಚುವ ಕಂಪ್ಯೂಟರ್ ಪ್ರೋಗ್ರಾಂ ಉಂಟಂತೆ, ಬಾಟ್ ಅಂತ ಹೆಸರು. ಮೋಸ ಹೋದವ ನಾನೊಬ್ಬನೇ ಅಲ್ಲ. 2014ರಿಂದ 2016ರವರೆಗೆ 'ಮೆಥ್‌ಬಾಟ್' ಎಂಬ ಜಾಲ 1,900ಕ್ಕೂ ಹೆಚ್ಚು ಸರ್ವರ್‌ಗಳನ್ನು ಬಾಡಿಗೆಗೆ ಹಿಡಿದು, ಮನುಷ್ಯರೇ ಮೌಸ್ ಆಡಿಸಿ ಜಾಹೀರಾತು ನೋಡಿದಂತೆ ನಾಟಕ ಮಾಡಿಸಿತ್ತು. ದೊಡ್ಡ ದೊಡ್ಡ ಕಂಪೆನಿಗಳೂ ಅದಕ್ಕೆ ಹಣ ತೆತ್ತವು. ಅದರ ಮುಖ್ಯಸ್ಥನಿಗೆ 2021ರಲ್ಲಿ ಅಮೆರಿಕದ ನ್ಯಾಯಾಲಯ 10 ವರ್ಷ ಸಜೆ ವಿಧಿಸಿತು.

ಮೂರನೇ ಕಂತು ಕೊಡುವುದಿಲ್ಲ ಅಂದಾಗ ಫೋನಿನವರ ಮರ್ಯಾದೆಯ ಮಾತು ಹೋಯಿತು. "ಗೂಗಲ್‌ನಲ್ಲಿ ನಿಮ್ಮ ಸೈಟೇ ಕಾಣದ ಹಾಗೆ ಮಾಡ್ತೇವೆ" ಅಂದರು. ಮಗಳು ಅಂದೇ ರಾತ್ರಿ ಪಾಸ್‌ವರ್ಡ್ ಬದಲಿಸಿದಳು. ಸೈಟಿನ ಹೆಸರು ಅವಳದ್ದೇ ಖಾತೆಯಲ್ಲಿ ನೋಂದಣಿ ಆಗಿದ್ದುದರಿಂದ ಬಚಾವಾದೆವು.

ನಷ್ಟ 13,000 ಮಾತ್ರ ಅಲ್ಲ. ಅಂಗಡಿಯವರು ಬೇರೆ ಕಡೆಯಿಂದ ತರಿಸಿಕೊಂಡಿದ್ದರು. ಮಳೆಗೆ ತಂಪೇರಿದ ಹಪ್ಪಳವನ್ನು ಮತ್ತೆ ಒಣಗಿಸಬೇಕಾಯಿತು. ಹೆಂಗಸರ ಬಾಕಿ ಚುಕ್ತಾ ಮಾಡುವಾಗ ನವರಾತ್ರಿ. ಅವರು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಅದೇ ನನಗೆ ಹೆಚ್ಚು ನಾಚಿಕೆ.

ನೀವು ಗಮನಿಸಬೇಕಾದ್ದು

* "ಇಷ್ಟು ಸಾವಿರ ಜನರನ್ನು ಕಳಿಸ್ತೇವೆ" ಎಂಬ ಮಾತಿಗೆ ಬಲಿಯಾಗಬೇಡಿ. "ಎಲ್ಲಿಂದ ಕಳಿಸುತ್ತೀರಿ? ಎಷ್ಟು ಆರ್ಡರ್ ಬರುತ್ತದೆ?" ಅಂತ ಕೇಳಿ. ಉತ್ತರ ತಡವರಿಸಿದರೆ ಫೋನ್ ಇಡಿ.

* ಗೂಗಲ್‌ನಲ್ಲಿ ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು. ಇದನ್ನು ಗೂಗಲೇ ಹೇಳಿದೆ.

* ಜಾಹೀರಾತು ಬೇಕಿದ್ದರೆ ಗೂಗಲ್‌ನಲ್ಲೋ ಫೇಸ್‌ಬುಕ್‌ನಲ್ಲೋ ನಿಮ್ಮದೇ ಖಾತೆ ತೆರೆದು, ಯಾವ ಊರಿನವರಿಗೆ ಕಾಣಬೇಕೆಂದು ಆರಿಸಿ, 500 ರೂಪಾಯಿಯಲ್ಲಿ ಪರೀಕ್ಷಿಸಿ. ಹೊಸ ಗೊಬ್ಬರವನ್ನು ಇಡೀ ತೋಟಕ್ಕೆ ಒಮ್ಮೆಲೇ ಹಾಕುತ್ತೇವೆಯೇ?

* ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಸೈಟಿನ ಹೆಸರು ನಿಮ್ಮವರ ಖಾತೆಯಲ್ಲೇ ಇರಲಿ.

* ಮೋಸ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಾನು ನಾಚಿಕೆಯಿಂದ ಸುಮ್ಮನೆ ಕೂತೆ.

ಈಗ ಹೇಗೆ ಮಾರುತ್ತೇವೆ?

ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಹಪ್ಪಳದ ಹೆಸರು ಸೇರಿಸಿದ್ದೇವೆ, ಅದಕ್ಕೆ ಖರ್ಚಿಲ್ಲ. ಪ್ರತಿ ಕಟ್ಟಿನೊಳಗೆ ನಮ್ಮ ನಂಬರಿನ ಒಂದು ಚೀಟಿ. ಹಳೇ ಗಿರಾಕಿಗಳ ಪೈಕಿ ಒಪ್ಪಿದ 140 ಮಂದಿಗೆ ಹಪ್ಪಳ ತಯಾರಾದಾಗ ವಾಟ್ಸಾಪ್ ಸುದ್ದಿ. ಹೊಸಬರು ಫೋನ್ ಮಾಡಿದರೆ ಪತ್ನಿಯ ಮೊದಲ ಪ್ರಶ್ನೆ, "ನಮ್ಮ ನಂಬರ್ ಎಲ್ಲಿ ಸಿಕ್ಕಿತು?" ಉತ್ತರ ನೋಟ್‌ಬುಕ್‌ಗೆ ಹೋಗುತ್ತದೆ. 2024ರಲ್ಲಿ ಬಂದ 61 ಹೊಸ ಗಿರಾಕಿಗಳಲ್ಲಿ 38 ಮಂದಿ ಚೀಟಿ ನೋಡಿ ಅಥವಾ ಯಾರೋ ಹೇಳಿ ಬಂದವರು. ಹಪ್ಪಳ ಚೌತಿಗೆ ಮೊದಲೇ ಮುಗಿಯಿತು. ಪೇಟೆಯ ಅಂಗಡಿಯವರಿಗೂ 2,000 ಕೊಟ್ಟೆವು.

ಹಿಂಗಾರ ಎಷ್ಟು ಬಿಟ್ಟಿತು ಅಂತ ನೋಡಿ ಯಾರೂ ಅಡಿಕೆ ಮಾರುವುದಿಲ್ಲ. ನಳ್ಳಿ ಉದುರಿ ಉಳಿದ ಕಾಯಿಯೇ ನಮ್ಮದು. ಇದು ಗೊತ್ತಿದ್ದೂ ನಾನು ಮೋಸ ಹೋದೆ. ಇಂಥ ಫೋನ್ ನಿಮಗೂ ಬಂದಿರಬಹುದು. ನಾಚಿಕೆಪಡದೆ ಬರೆಯಿರಿ, ಇನ್ನೊಬ್ಬರ ಹಣ ಉಳಿದೀತು.