ಆರು ಜನ, ಒಂದು ಪ್ಯಾನಲ್

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಕುಸಿಯಿತಲ್ಲ, ಆ ವಾರ ನಮ್ಮ ಮನೆಯ ಟಿ.ವಿ. ಆರಿದ್ದೇ ಕಡಿಮೆ. ಚೂರಲ್‌ಮಲೆಯ ಸೇತುವೆ ಕೊಚ್ಚಿಹೋಗಿತ್ತು. ಆಚೆ ದಡದ ಮುಂಡಕ್ಕೈಗೆ ದೊಡ್ಡ ಯಂತ್ರಗಳು ಹೋಗಲು ದಾರಿ ಇರಲಿಲ್ಲ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ರಾತ್ರಿಯಿಡೀ ದುಡಿದು, ಆಗಸ್ಟ್ 1ರ ಸಂಜೆಗೆ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿ ಮುಗಿಸಿದರು. ಮುಂದೆ ನಿಂತು ಕೆಲಸ ಮಾಡಿಸಿದವರಲ್ಲಿ ಮೇಜರ್ ಸೀತಾ ಶೆಲ್ಕೆ ಇದ್ದದ್ದು ನನ್ನ ಮೊಮ್ಮಗಳಿಗೆ ಬಲು ಖುಷಿ.

“ಅಜ್ಜಾ, ಇಷ್ಟು ಬೇಗ ಹೇಗೆ? ಅವರೆಲ್ಲ ಪೈಲ್ವಾನರಾ?”

ಅಲ್ಲ ಪುಟ್ಟಿ. ನಾನೂ ಒಂದು ಕಾಲಕ್ಕೆ ಸೇತುವೆ ಕಟ್ಟುವ ಸೈನಿಕನೇ. ಡೊನಾಲ್ಡ್ ಬೈಲಿ ಎಂಬ ಇಂಗ್ಲಿಷ್ ಎಂಜಿನಿಯರ್ ಎರಡನೇ ಮಹಾಯುದ್ಧದ ಕಾಲದಲ್ಲಿ ರೂಪಿಸಿದ ಸೇತುವೆ ಇದು. (ಬೇಲಿ ಅಲ್ಲ, ಬೈಲಿ!) ಇದರ ಮುಖ್ಯ ಭಾಗ ಹತ್ತಡಿ ಉದ್ದದ ಉಕ್ಕಿನ ಪ್ಯಾನಲ್. ತೂಕ ಸುಮಾರು 260 ಕಿಲೊ. 190 ಅಡಿಗೆ ಒಂದು ಸಾಲಿಗೇ 19 ಬೇಕು. ಕ್ರೇನ್ ಇಲ್ಲದ ಕಡೆ ಆರು ಜನ ಅಡ್ಡಕೋಲು ತೂರಿಸಿ, ಮೂರು ಜೋಡಿಯಾಗಿ ಹೊರುತ್ತಾರೆ. ಲೆಕ್ಕ ಮಾಡಿ ನೋಡು, ತಲೆಗೆ 43 ಕಿಲೊ. ಆದರೆ ಒಬ್ಬ ಸಡಿಲ ಬಿಟ್ಟರೆ ಅವನ ಪಾಲು ಉಳಿದವರ ಕೈಗೆ ಬರುತ್ತದೆ.

ನಮ್ಮ ಉಸ್ತಾದರು ಗಡಿಯಾರ ಹಿಡಿದು ಸಮಯ ನೋಡುತ್ತಿದ್ದರು, ನಿಜ. ಕಣ್ಣು ಮಾತ್ರ ಪ್ಯಾನಲ್ಲಿನ ಮೇಲೆ. ಅದು ಯಾವ ಮೂಲೆಗೆ ವಾಲಿತು? ಹೆಜ್ಜೆ ತಪ್ಪಿದಾಗ ಪಕ್ಕದವನು ಬೈದನೋ, ಹೆಜ್ಜೆ ಸರಿಹೊಂದಿಸಿಕೊಂಡನೋ? ಸುಸ್ತಾದವನನ್ನು ಯಾರು ಮೊದಲು ಗಮನಿಸಿದರು? ಒಂದು ತಂಡ ಎಷ್ಟು ಗಟ್ಟಿ ಎಂದು ಅವರು ಅಳೆಯುತ್ತಿದ್ದದ್ದು ಹೀಗೆ.

ಆಗ ನನಗೆ ನನ್ನ ತೋಳಬಲದ ಸೊಕ್ಕು. ನನ್ನ ಜೋಡಿ ಕುಳ್ಳಗಿನ ಗೆಳೆಯ. ನಾನು ನನ್ನ ಪಾಡಿಗೆ ದಾಪುಗಾಲು ಹಾಕುತ್ತಿದ್ದೆ. ಒಂದು ದಿನ “ಇಳಿಸು” ಎನ್ನುವ ಮೊದಲೇ ಕೈಬಿಟ್ಟೆ. ಅವನ ಬೆರಳು ಸಿಕ್ಕಿಕೊಂಡಿತು. ಆ ಕೂಗು ಈಗಲೂ ಕಿವಿಯಲ್ಲಿದೆ.

ಉಸ್ತಾದರು ನನ್ನನ್ನು ಓಡಿಸಲಿಲ್ಲ, ಬೈಯಲೂ ಇಲ್ಲ. ಒಂದು ವಾರ ಪ್ಯಾನಲ್ ಮುಟ್ಟಬೇಡ ಎಂದರು. ಪಕ್ಕದಲ್ಲಿ ನಡೆಯುತ್ತ “ಎತ್ತು, ನಡೆ, ಇಳಿಸು” ಎಂದು ಕೂಗುವುದಷ್ಟೇ ನನ್ನ ಕೆಲಸ. ಸುಲಭ ಅಂದುಕೊಂಡೆ. ಹನ್ನೆರಡು ಪಾದ ನೋಡಬೇಕು, ಉಸಿರು ಕೇಳಬೇಕು, ಮುಂದಿನ ಕಲ್ಲನ್ನು ಮೊದಲೇ ಹೇಳಬೇಕು. ಹೊರುವುದೇ ವಾಸಿ ಅನ್ನಿಸಿತು! ಮುಂದಿನ ವಾರ ಇನ್ನೊಬ್ಬನ ಸರದಿ. ಹೀಗೆ ಎಲ್ಲರೂ ಎಲ್ಲ ಜಾಗದಲ್ಲಿ ನಿಂತೆವು. ಗೆಳೆಯ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಾಗ ಮತ್ತೆ ನನ್ನ ಜೋಡಿಗೇ ನಿಂತ. ಅವನಾಗಿ ಕೇಳಿಕೊಂಡಿದ್ದನಂತೆ.

ಆಗಸ್ಟ್ 1ರ ರಾತ್ರಿ ಅವನ ಫೋನ್ ಬಂತು.

“ಟಿ.ವಿ. ನೋಡಿದೆಯೇನೋ? ಹುಡುಗರ ಹೆಜ್ಜೆ ನೋಡಿದೆಯಾ?”

“ನೋಡಿದೆ. ನಿನ್ನ ಬೆರಳು ಹೇಗಿದೆ?”

“ಮಳೆಗಾಲದಲ್ಲಿ ನಿನ್ನ ನೆನಪು ಮಾಡುತ್ತೆ” ಎಂದು ನಕ್ಕ.